ಕೊನೆ ಗೊತ್ತಿದ್ದರೂ ಎದೆ ಯಾಕೆ ಹೊಡೆದುಕೊಳ್ಳುತ್ತದೆ?

ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈ ಸೇರಿತು. ಕೊನೆಯ ಪಾಳೆಯಗಾರ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ನಮ್ಮ ಕಡೆ ಇದು ಶಾಲೆಯ ಮಕ್ಕಳಿಗೂ ಗೊತ್ತು. ತ.ರಾ.ಸು. ಅವರು ಈ ಕತೆಯನ್ನು ಕಾದಂಬರಿ ಮಾಡಿದಾಗ ಅದಕ್ಕೆ ಇಟ್ಟ ಹೆಸರೇ ‘ದುರ್ಗಾಸ್ತಮಾನ’. ಪುಸ್ತಕ ತೆರೆಯುವ ಮೊದಲೇ, ಮುಖಪುಟದಲ್ಲೇ, ಕೊನೆ ಏನೆಂದು ಹೇಳಿಬಿಟ್ಟಿದ್ದಾರೆ. ಆದರೂ ಕೊನೆಯ ಅಧ್ಯಾಯಗಳು ಹತ್ತಿರ ಬಂದಂತೆ ಓದುವ ವೇಗ ತಾನಾಗಿ ಜಾಸ್ತಿಯಾಗುತ್ತದೆ. ಈ ಸಲವಾದರೂ ಕೋಟೆ ಉಳಿಯಬಾರದೇ ಅನ್ನಿಸುತ್ತದೆ.

ಇತ್ತೀಚೆಗೆ ಓದಿದ ಕೆಲವು ಥ್ರಿಲ್ಲರ್‌ಗಳಲ್ಲಿ ಇದಕ್ಕೆ ಪೂರ್ತಿ ವಿರುದ್ಧ ಅನುಭವ ಆಯಿತು. ಕೊಲೆ ಮಾಡಿದ್ದು ಯಾರು ಎಂದು ಕೊನೆಯ ಪುಟದವರೆಗೂ ಗೊತ್ತಾಗುವುದಿಲ್ಲ. ಆದರೆ ಅರ್ಧ ಮುಗಿಯುವಷ್ಟರಲ್ಲಿ, ಯಾರಾದರೇನು ಅನ್ನಿಸಿಬಿಡುತ್ತದೆ. ಗುಟ್ಟು ಭದ್ರವಾಗಿದೆ, ಕುತೂಹಲ ಮಾತ್ರ ಸತ್ತುಹೋಗಿದೆ.

ಕೊನೆ ಗೊತ್ತಿರುವ ಪುಸ್ತಕ ಕೈ ಬಿಡದೆ ಓದಿಸಿಕೊಳ್ಳುತ್ತದೆ, ಕೊನೆ ಗೊತ್ತಿಲ್ಲದ ಪುಸ್ತಕ ಬೇಸರ ತರಿಸುತ್ತದೆ. ಇದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡೇ ಈಚೆಗೆ ಒಂದಷ್ಟು ಪುಸ್ತಕ ಓದಿದೆ, ಕೆಲವನ್ನು ಮತ್ತೆ ಓದಿದೆ. ಥ್ರಿಲ್ಲರ್ ಅಂದ ಕೂಡಲೇ ನಾವು ಗುಟ್ಟು ಅಂದುಕೊಳ್ಳುತ್ತೇವೆ. ಲೇಖಕ ಏನನ್ನೋ ಮುಚ್ಚಿಡುತ್ತಾನೆ, ಕೊನೆಗೆ ಬಿಚ್ಚಿ ತೋರಿಸುತ್ತಾನೆ, ಅಷ್ಟೇ ಅಲ್ವಾ ಅಂತ. ನನಗೆ ಹಾಗೆ ಕಾಣುವುದಿಲ್ಲ. ಒಳ್ಳೆಯ ಥ್ರಿಲ್ಲರ್‌ನ ಬಲವೆಲ್ಲ ಇರುವುದು ಓದುಗರಿಗೆ ಮೊದಲೇ ಹೇಳಿಬಿಟ್ಟ ಸಂಗತಿಯಲ್ಲಿ. ಏನನ್ನು ಹೇಳಬೇಕು, ಎಷ್ಟು ಬೇಗ ಹೇಳಬೇಕು, ಪಾತ್ರಗಳಿಗೆ ಗೊತ್ತಾಗುವುದಕ್ಕಿಂತ ಎಷ್ಟು ಮುಂಚೆ ನಮಗೆ ಗೊತ್ತಾಗಬೇಕು ಎಂಬ ಲೆಕ್ಕಾಚಾರದಲ್ಲೇ ಬರಹಗಾರರ ಕಸುಬು ಕಾಣುತ್ತದೆ.

ಓಬವ್ವನ ಕಿಂಡಿಯ ಹತ್ತಿರ

ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಕೋಟೆಯ ತಣ್ಣೀರು ದೋಣಿ ಎಂಬ ನೀರಿನ ಹೊಂಡದವರೆಗೆ ಹೋದರೆ ಸಾಕು. ಕಾವಲುಗಾರ ಮುದ್ದ ಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಹೆಂಡತಿ ಓಬವ್ವ ನೀರು ತರಲು ದೋಣಿಯ ಕಡೆ ಹೋಗುತ್ತಾಳೆ. ಅಲ್ಲಿ ಬಂಡೆಯ ಸಂದಿಯಿಂದ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಕಾಣುತ್ತದೆ. ಅವಳು ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ಮುಂದಿನದನ್ನು ನಮ್ಮ ಊರಿನವರಿಗೆ ಹೇಳಬೇಕಿಲ್ಲ.

ಈ ಕತೆಯನ್ನು ಎರಡು ರೀತಿ ಹೇಳಬಹುದು. ಒಂದು, ಗಂಡನ ಜೊತೆ ನಾವೂ ಊಟಕ್ಕೆ ಕೂತಿದ್ದೇವೆ ಅಂದುಕೊಳ್ಳಿ. ಕಿಂಡಿಯ ವಿಷಯ ನಮಗೆ ಏನೂ ಗೊತ್ತಿಲ್ಲ. ಊಟ ಮುಗಿಸಿ ಅವನು ಕಾವಲಿಗೆ ಮರಳುತ್ತಾನೆ. ನೋಡಿದರೆ ರಕ್ತ ಸೋರುವ ಒನಕೆ, ಸುತ್ತ ಹೆಣಗಳು, ನಡುವೆ ಓಬವ್ವ. ನಾವು ಬೆಚ್ಚಿ ಬೀಳುತ್ತೇವೆ. ಆ ಬೆಚ್ಚುವಿಕೆ ಒಂದು ಕ್ಷಣದ್ದು.

ಇನ್ನೊಂದು, ನಮ್ಮ ಹಿರಿಯರು ಹೇಳುವ ರೀತಿ. ಶತ್ರುಗಳಿಗೆ ಕಿಂಡಿಯ ದಾರಿ ಸಿಕ್ಕಿದೆ ಎಂದು ಅವರು ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಗಂಡನನ್ನು ಊಟಕ್ಕೆ ಕೂರಿಸುತ್ತಾರೆ. ಈಗ ಅವನು ಬಾಯಿಗೆ ಇಡುವ ಪ್ರತಿ ತುತ್ತೂ ನಮಗೆ ಸಂಕಟ. ಎದ್ದು ಹೋಗೋ ಮಾರಾಯ ಅನ್ನಿಸುತ್ತದೆ. ಓಬವ್ವ ಕೊಡ ತೆಗೆದುಕೊಂಡು ಹೊರಟರೆ ಇನ್ನೂ ಸಂಕಟ, ಯಾಕೆಂದರೆ ಅಲ್ಲಿ ಏನಿದೆ ಎಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಊಟ, ನೀರು, ಕೊಡ, ಎಲ್ಲವೂ ದಿನಾ ನಡೆಯುವ ಕೆಲಸಗಳೇ. ಆದರೆ ಕೇಳುವವರಿಗೆ ಗೊತ್ತಿರುವ ಒಂದೇ ಒಂದು ಸಂಗತಿ ಅವನ್ನೆಲ್ಲ ಬಿಗಿ ಮಾಡಿಬಿಡುತ್ತದೆ.

ಮೊದಲನೆಯ ರೀತಿ ಅಚ್ಚರಿ. ಎರಡನೆಯದು ಸಸ್ಪೆನ್ಸ್. ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್, ಫ್ರೆಂಚ್ ನಿರ್ದೇಶಕ ಟ್ರೂಫೊ ಜೊತೆಗಿನ ಮಾತುಕತೆಯಲ್ಲಿ ಇದೇ ವ್ಯತ್ಯಾಸವನ್ನು ಮೇಜಿನ ಕೆಳಗಿನ ಬಾಂಬ್ ಇಟ್ಟುಕೊಂಡು ವಿವರಿಸಿದ್ದಾನೆ. ಆ ಮಾತುಕತೆ 1966ರಲ್ಲಿ ಪುಸ್ತಕವಾಗಿ ಬಂತು. ಇಬ್ಬರು ಕೂತು ಏನೋ ಹರಟುತ್ತಿದ್ದಾರೆ, ಬಾಂಬ್ ಇದ್ದಕ್ಕಿದ್ದಂತೆ ಸಿಡಿಯುತ್ತದೆ, ನೋಡುವವರಿಗೆ 15 ಸೆಕೆಂಡಿನ ಅಚ್ಚರಿ. ಅದೇ ಬಾಂಬ್ ಅಲ್ಲಿದೆ ಎಂದು ಮೊದಲೇ ತೋರಿಸಿದರೆ, ಅದೇ ಹರಟೆ 15 ನಿಮಿಷದ ಸಸ್ಪೆನ್ಸ್. ಲೋಕವೆಲ್ಲ ಈ ಉದಾಹರಣೆ ಕೊಡುತ್ತದೆ. ಕೊಡಲಿ. ಆದರೆ ನಮ್ಮ ದುರ್ಗದ ಅಜ್ಜಿಯರು ಕತೆ ಹೇಳುವಾಗ ಮಾಡುವುದೂ ಅದನ್ನೇ.

ಕೊನೆ ಗೊತ್ತಿರುವ ಎರಡು ಪುಸ್ತಕ

‘ದುರ್ಗಾಸ್ತಮಾನ’ಕ್ಕೆ ವಾಪಸ್ ಬರುತ್ತೇನೆ. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದ ಮೇಲೆ ಎರಡೂ ಜಿಲ್ಲೆಯವರು ಅವರನ್ನು ನಮ್ಮವರು ಅನ್ನಬಹುದು. ಕಾದಂಬರಿ 1982ರಲ್ಲಿ ಬಂತು. ಅವರು 1984ರಲ್ಲಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಾದ ಮೇಲೆ, 1985ರಲ್ಲಿ.

ಇದನ್ನು ಐತಿಹಾಸಿಕ ಕಾದಂಬರಿ ಅನ್ನುತ್ತಾರೆ, ಸರಿ. ನಾನು ಈ ಸಲ ಥ್ರಿಲ್ಲರ್ ಎಂದುಕೊಂಡೇ ಓದಿದೆ. ಪಟ್ಟಕ್ಕೆ ಯಾರು ಎಂಬ ಪ್ರಶ್ನೆಯಿಂದ ಕತೆ ಶುರುವಾಗುತ್ತದೆ. 1754ರಲ್ಲಿ ಎಳೆಯ ವಯಸ್ಸಿನ ಮದಕರಿಗೆ ಪಟ್ಟ ಕಟ್ಟುತ್ತಾರೆ. ಅಲ್ಲಿಂದಲೇ ನಮಗೆ ಒಂದು ನೋವು ಶುರು. ಆ ಹುಡುಗನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು, ಇವನೇ ಕೊನೆಯವನು. ಅವನು ಗೆದ್ದಾಗಲೂ ನಮಗೆ ಪೂರ್ತಿ ಖುಷಿಯಾಗುವುದಿಲ್ಲ. ಹೈದರನ ಜೊತೆ ಸ್ನೇಹ ಬೆಳೆದಾಗ ಮೈ ಜುಮ್ಮೆನ್ನುತ್ತದೆ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರ್, ನಡುವೆ ದುರ್ಗ. ಯಾರ ಕಡೆ ನಿಂತರೂ ಇನ್ನೊಬ್ಬರು ಶತ್ರು. 1777ರಲ್ಲಿ ಹೈದರ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿಯೂ ಕೋಟೆ ಒಡೆಯಲಿಲ್ಲ. ಎರಡು ವರ್ಷದ ನಂತರ ಮತ್ತೆ ಬಂದ. ಆಗ ಬಿದ್ದದ್ದು ಒಳಗಿನವರು ಕೈಕೊಟ್ಟಿದ್ದರಿಂದ ಎಂದು ಚರಿತ್ರೆಯೂ ಹೇಳುತ್ತದೆ, ಜನರೂ ಹೇಳುತ್ತಾರೆ.

ಇಲ್ಲಿ ನಮ್ಮ ಪ್ರಶ್ನೆ ಬದಲಾಗುವುದನ್ನು ಗಮನಿಸಿ. ಏನಾಗುತ್ತದೆ ಎಂದು ನಾವು ಕೇಳುತ್ತಿಲ್ಲ. ಯಾವಾಗ, ಯಾರ ಕೈಯಿಂದ, ಯಾವ ಹೊತ್ತಿನಲ್ಲಿ ತಪ್ಪಿಸಬಹುದಿತ್ತು ಎಂದು ಕೇಳುತ್ತಿದ್ದೇವೆ. ಕೋಟೆ ಹತ್ತಿ ಬಂದವರಿಗೆ ಇದು ಇನ್ನೂ ಹತ್ತಿರವಾಗುತ್ತದೆ. ಏಳು ಸುತ್ತು, ಒಂದೊಂದು ಬಾಗಿಲಲ್ಲೂ ತಿರುವು, ನೇರ ನುಗ್ಗಲು ಜಾಗವೇ ಇಲ್ಲ. ಇಂಥ ಕೋಟೆ ಹೊರಗಿನಿಂದ ಬೀಳುವುದು ಕಷ್ಟ ಎಂದು ಕಾಲಿಗೇ ಗೊತ್ತಾಗುತ್ತದೆ. ಹಾಗಾಗಿ ಓದುವಾಗ ಕಣ್ಣು ಒಳಗಿನ ಜನರ ಮೇಲೇ ಇರುತ್ತದೆ. ಪ್ರತಿ ಹೊಸ ಮುಖ ಬಂದಾಗಲೂ, ಇವನಾ ಎಂದು ಅನುಮಾನ. ತ.ರಾ.ಸು. ಆ ಅನುಮಾನವನ್ನು ಎಲ್ಲೂ ಅವಸರ ಮಾಡಿ ಖರ್ಚು ಮಾಡುವುದಿಲ್ಲ. ನನಗೆ ಅವರ ಮೇಲೆ ಇರುವ ಗೌರವಕ್ಕೆ ದೊಡ್ಡ ಕಾರಣ ಇದು.

ಇದರ ಪಕ್ಕದಲ್ಲಿ ಇಟ್ಟು ಓದಬೇಕಾದದ್ದು ಫ್ರೆಡರಿಕ್ ಫೋರ್ಸೈತ್‌ನ ‘ದಿ ಡೇ ಆಫ್ ದಿ ಜಾಕಲ್’. 1971ರ ಪುಸ್ತಕ. ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್‌ನನ್ನು ಕೊಲ್ಲಲು ಒಬ್ಬ ಬಾಡಿಗೆ ಹಂತಕ ಹೊರಡುತ್ತಾನೆ. ಆದರೆ ಡಿ ಗಾಲ್ 1970ರ ನವೆಂಬರ್‌ನಲ್ಲಿ ತನ್ನ ಮನೆಯಲ್ಲೇ, ಸಹಜವಾಗಿ ಸತ್ತಿದ್ದ. ಪುಸ್ತಕ ಕೊಂಡ ಪ್ರತಿಯೊಬ್ಬರಿಗೂ ಹಂತಕ ಸೋಲುತ್ತಾನೆಂದು ಮೊದಲ ದಿನವೇ ಗೊತ್ತಿತ್ತು. ಹಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದರು. ಕೊನೆಗೆ ಅಚ್ಚಾದಾಗ ಲೋಕವೆಲ್ಲ ಓದಿತು.

ಫೋರ್ಸೈತ್ ಪತ್ರಕರ್ತ. ಆ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ರಾಯ್ಟರ್ಸ್‌ಗೆ ಕೆಲಸ ಮಾಡುತ್ತಿದ್ದವನು. ಪುಸ್ತಕದ ಹಿನ್ನೆಲೆ ನಿಜವಾದದ್ದು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹತ್ತಿರ ಡಿ ಗಾಲ್ ಕಾರಿನ ಮೇಲೆ ಗುಂಡಿನ ದಾಳಿ ನಡೆದಿತ್ತು. ಅದರ ಸಂಚುಗಾರನನ್ನು ಮುಂದಿನ ಮಾರ್ಚ್‌ನಲ್ಲಿ ಗುಂಡಿಟ್ಟು ಕೊಂದರು. ಕಾದಂಬರಿ ಶುರುವಾಗುವುದೇ ಆ ಮರಣದಂಡನೆಯ ಬೆಳಗಿನಿಂದ. ಆಮೇಲೆ ಕಲ್ಪನೆ ಶುರುವಾಗುತ್ತದೆ, ಆದರೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಹಂತಕ ಸತ್ತ ಮಗುವಿನ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆಯುವ ರೀತಿ, ಬಂದೂಕು ಮಾಡಿಸುವ ರೀತಿ, ಜಾಗ ನೋಡಿಕೊಂಡು ಬರುವ ರೀತಿ, ಎಲ್ಲವನ್ನೂ ಆಫೀಸಿನ ಕಡತ ಬರೆದಷ್ಟು ಶಾಂತವಾಗಿ ಬರೆದಿದ್ದಾನೆ. ಹೇಗೆ ಮಾಡುತ್ತಾನೆ ಎಂಬುದೇ ಇಲ್ಲಿ ಸಸ್ಪೆನ್ಸ್. ಜೊತೆಗೆ, ಇಷ್ಟು ಪಕ್ಕಾ ತಯಾರಿ ಎಲ್ಲಿ ತಪ್ಪುತ್ತದೆ ಎಂಬ ಪ್ರಶ್ನೆ. ಅವನನ್ನು ಹುಡುಕುವ ಲೆಬೆಲ್ ಎಂಬ ಸಾದಾ ಪೊಲೀಸ್ ಅಧಿಕಾರಿ ನನಗೆ ತುಂಬಾ ಇಷ್ಟ. ಹೀರೋಗಿರಿ ಇಲ್ಲ, ಹೊಡೆದಾಟ ಇಲ್ಲ. ಫೋನು, ಹೋಟೆಲಿನ ಚೀಟಿ, ನಿದ್ದೆಗೆಟ್ಟ ಕಣ್ಣು. ಎರಡು ಕಡೆಯ ಓಟವನ್ನೂ ನಾವು ನೋಡುತ್ತೇವೆ. ಅವರಿಬ್ಬರಿಗೂ ಇನ್ನೊಬ್ಬ ಎಷ್ಟು ಹತ್ತಿರ ಬಂದಿದ್ದಾನೆಂದು ಗೊತ್ತಿಲ್ಲ. ಮತ್ತೆ ಅದೇ ಕಿಂಡಿ, ಅದೇ ಊಟ.

ಕೊಲೆಗಾರ ಮೊದಲೇ ಗೊತ್ತು, ಆದರೂ

ಜಪಾನಿನ ಕೀಗೊ ಹಿಗಾಶಿನೊ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾನೆ. ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ 2005ರಲ್ಲಿ ಜಪಾನಿ ಭಾಷೆಯಲ್ಲಿ ಬಂತು. ಅಲ್ಲಿನ ದೊಡ್ಡ ಗೌರವವಾದ ನವೋಕಿ ಪ್ರಶಸ್ತಿಯೂ ಸಿಕ್ಕಿತು. 2011ರಲ್ಲಿ ಇಂಗ್ಲಿಷ್‌ಗೆ ಬಂದ ಮೇಲೆ ನಮ್ಮ ಕಡೆಯ ಓದುಗರ ಕೈಗೂ ಸಿಕ್ಕಿತು. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಯಾಸುಕೊ ಎಂಬ ಹೆಂಗಸು, ಅವಳ ಮಗಳು, ಕಾಟ ಕೊಡುವ ಹಳೆಯ ಗಂಡ. ಪುಸ್ತಕದ ಶುರುವಿನಲ್ಲೇ ಅವನು ಸಾಯುತ್ತಾನೆ. ಯಾರು ಕೊಂದರು, ಹೇಗೆ, ಯಾಕೆ, ಎಲ್ಲ ನಮ್ಮ ಕಣ್ಣ ಮುಂದೆಯೇ ನಡೆಯುತ್ತದೆ. ಪಕ್ಕದ ಮನೆಯ ಗಣಿತ ಮೇಷ್ಟ್ರು ಇಶಿಗಾಮಿ ಬಂದು, ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ.

ಪೊಲೀಸರು ಹುಡುಕುವ ಉತ್ತರ ನಮ್ಮ ಕೈಯಲ್ಲಿದೆ. ಹಾಗಿದ್ದರೂ ಕೊನೆಯಲ್ಲಿ ನಾವು ದಂಗಾಗುತ್ತೇವೆ. ಹೇಗೆಂದು ನಾನು ಹೇಳುವುದಿಲ್ಲ. ಆದರೆ ಕಸುಬಿನ ಗುಟ್ಟು ಇಷ್ಟು: ನಮಗೆ ಎಲ್ಲವೂ ಗೊತ್ತು ಎಂದು ನಂಬಿಸಿ, ನಾವು ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಕೇಳದಂತೆ ಮಾಡುತ್ತಾನೆ. ಸುಳ್ಳು ಒಂದೂ ಹೇಳಿಲ್ಲ. ಎರಡನೆಯ ಸಲ ಓದಿದಾಗ ಸುಳಿವು ಪುಟಪುಟದಲ್ಲೂ ಎದುರೇ ಇರುವುದು ಕಾಣುತ್ತದೆ. ಇಶಿಗಾಮಿಯ ಒಂಟಿತನ ಮೊದಲ ಓದಿಗಿಂತ ಎರಡನೆಯ ಓದಿನಲ್ಲಿ ಜಾಸ್ತಿ ಕಾಡುತ್ತದೆ. ನಾನು ಈಚೆಗೆ ಓದಿದ ಪತ್ತೇದಾರಿ ಪುಸ್ತಕಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಕೊನೆ ಗೊತ್ತಿದ್ದರೆ ಓದಿನ ಸುಖ ಕಡಿಮೆಯಾಗುತ್ತದಾ ಎಂದು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು 12 ಸಣ್ಣ ಕತೆಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿದರು, ಕೆಲವರಿಗೆ ಹೇಳಲಿಲ್ಲ. ಪತ್ತೇದಾರಿ ಕತೆಗಳೂ ಅದರಲ್ಲಿದ್ದವು. ಒಟ್ಟಾರೆ ನೋಡಿದರೆ, ಕೊನೆ ಗೊತ್ತಿದ್ದವರೇ ಕತೆಯನ್ನು ಹೆಚ್ಚು ಮೆಚ್ಚಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದನ್ನು ಕೊನೆಯ ಮಾತು ಅನ್ನಲಾಗದು. ನಾನಂತೂ ಗೆಳೆಯರಿಗೆ ಪುಸ್ತಕ ಕೊಡುವಾಗ ಕೊನೆ ಹೇಳುವುದಿಲ್ಲ. ಮೊದಲ ಸಲದ ಅಚ್ಚರಿ ಅವರ ಹಕ್ಕು. ಆದರೆ ಕೊನೆ ಗೊತ್ತಾದ ಮೇಲೆ ಮತ್ತೆ ಓದಲು ಬಾರದ ಥ್ರಿಲ್ಲರ್ ಅನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದೂ ಇಲ್ಲ.

ನ್ಯಾಯದ ಆಟ, ಕಳ್ಳಗಂಡಿ

ಮುಚ್ಚಿಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಪತ್ತೇದಾರಿ ಕಾದಂಬರಿ ಗುಟ್ಟಿಲ್ಲದೆ ನಡೆಯದು. ಆದರೆ ಅದಕ್ಕೊಂದು ನ್ಯಾಯ ಬೇಕು. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಕತೆ ಬರೆಯುತ್ತಿದ್ದವನು, ಹತ್ತು ನಿಯಮ ಬರೆದಿಟ್ಟ. ಅಪರಾಧಿ ಕತೆಯ ಶುರುವಿನ ಭಾಗದಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಯಾರಿಗೂ ಗೊತ್ತಿಲ್ಲದ ಹೊಸ ವಿಷ ತರಬಾರದು. ಒಂದಕ್ಕಿಂತ ಜಾಸ್ತಿ ಗುಪ್ತ ದಾರಿ ಇರಬಾರದು.

ಈ ಕೊನೆಯ ನಿಯಮ ದುರ್ಗದವರಿಗೆ ವಿಚಿತ್ರ ಅನ್ನಿಸಬಹುದು. ನಮ್ಮ ಕೋಟೆಯಲ್ಲಿ ಕಳ್ಳಗಂಡಿಗಳಿಗೆ ಲೆಕ್ಕವೇ ಇಲ್ಲ. ಆದರೆ ನಿಯಮದ ಹಿಂದಿನ ಮಾತು ಸರಿಯಾಗಿದೆ. ಕಿಂಡಿ ಇದೆ ಎಂದು ಮೊದಲೇ ತಿಳಿಸಿದ್ದರೆ ಅದು ಭಯ ಹುಟ್ಟಿಸುತ್ತದೆ. ಕತೆ ಸಿಕ್ಕಿಹಾಕಿಕೊಂಡಾಗ ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಂದು ಕಿಂಡಿ ತೆರೆದುಕೊಂಡರೆ ಅದು ಮೋಸ.

ಈ ನ್ಯಾಯ ಚೆನ್ನಾಗಿ ಕಾಣುವ ಹಳೆಯ ಪುಸ್ತಕ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’. 1868ರಲ್ಲಿ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ನಮಗೆ ಇದರಲ್ಲಿ ಇನ್ನೊಂದು ಆಸಕ್ತಿ ಇದೆ. ಕತೆ ಶುರುವಾಗುವುದು 1799ರ ಶ್ರೀರಂಗಪಟ್ಟಣದಲ್ಲಿ, ಟಿಪ್ಪು ಸತ್ತ ದಾಳಿಯ ದಿನ. ಅಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ರಕ್ತ ಹರಿಸಿ ವಜ್ರ ದೋಚುತ್ತಾನೆ. ಮದಕರಿಯನ್ನು ಒಯ್ದ ಅದೇ ಊರು, ಇಪ್ಪತ್ತು ವರ್ಷದ ನಂತರ. ಮುಂದೆ ಆ ವಜ್ರ ಇಂಗ್ಲೆಂಡಿನ ಒಂದು ಮನೆಯಲ್ಲಿ ರಾತ್ರೋರಾತ್ರಿ ಮಾಯವಾಗುತ್ತದೆ. ನಡೆದದ್ದನ್ನು ಒಬ್ಬರಾದ ಮೇಲೆ ಒಬ್ಬರು ಬರೆಯುತ್ತಾರೆ. ಷರತ್ತು ಒಂದೇ, ತನಗೆ ಆ ಹೊತ್ತಿಗೆ ಸ್ವತಃ ಗೊತ್ತಿದ್ದಷ್ಟನ್ನೇ ಬರೆಯಬೇಕು. ಎಲ್ಲರೂ ನಿಜ ಹೇಳುತ್ತಾರೆ, ಆದರೂ ನಮಗೆ ಪೂರ್ತಿ ಚಿತ್ರ ಸಿಗುವುದಿಲ್ಲ. ಭಾರತೀಯರನ್ನು ತೋರಿಸುವ ರೀತಿಯಲ್ಲಿ ಆ ಕಾಲದ ಇಂಗ್ಲಿಷ್ ಕಣ್ಣೇ ಇದೆ, ಅದು ಓದುವಾಗ ಚುಚ್ಚುತ್ತದೆ. ಆದರೂ ದೋಚಿದ್ದು ದೋಚಿದ್ದೇ ಎಂದು ಕಾಲಿನ್ಸ್ ಮೊದಲ ಪುಟಗಳಲ್ಲೇ ಒಪ್ಪಿಕೊಳ್ಳುತ್ತಾನೆ.

ಈಗಿನ ಥ್ರಿಲ್ಲರ್‌ಗಳಲ್ಲಿ ನನಗೆ ಹಿಡಿಸದ್ದು ಇಲ್ಲೇ ಇದೆ. ನಾನು ಎಂದು ಕತೆ ಹೇಳುವ ಪಾತ್ರ, ತನಗೆ ಚೆನ್ನಾಗಿ ಗೊತ್ತಿರುವುದನ್ನು ಓದುಗರಿಂದ ಮಾತ್ರ ಮುಚ್ಚಿಡುತ್ತದೆ. ಒಳಗಿನ ಯೋಚನೆಯನ್ನೆಲ್ಲ ನಮಗೆ ಕೇಳಿಸಿ, ಆ ಒಂದು ಯೋಚನೆಯನ್ನು ಮಾತ್ರ ಬಿಡುತ್ತದೆ. ಕಾರಣ ಏನೂ ಇಲ್ಲ, ಕೊನೆಗೊಂದು ಟ್ವಿಸ್ಟ್ ಬೇಕು ಅಷ್ಟೇ. ಅಗಾಥಾ ಕ್ರಿಸ್ಟಿ 1926ರಲ್ಲೇ ಒಂದು ಪುಸ್ತಕದಲ್ಲಿ ಈ ಗೆರೆಯ ಮೇಲೆ ನಡೆದು ದೊಡ್ಡ ಚರ್ಚೆ ಎಬ್ಬಿಸಿದ್ದಳು. ಆದರೆ ಅವಳ ಒಂದೊಂದು ವಾಕ್ಯವನ್ನೂ ಮತ್ತೆ ಓದಿದರೆ ಸುಳ್ಳು ಸಿಗುವುದಿಲ್ಲ. ಅಷ್ಟು ಶ್ರಮ ಹಾಕಲು ಎಲ್ಲರೂ ತಯಾರಿಲ್ಲ.

ಕನ್ನಡದ ಮಾತು ಬಂದರೆ, ಎನ್. ನರಸಿಂಹಯ್ಯ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಶಾಲೆ ಕಲಿತದ್ದು ಕಡಿಮೆ, ಬರೆದದ್ದು ನೂರಾರು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಜನ ಕಾಯುತ್ತಿದ್ದರು. ಇವತ್ತು ದಪ್ಪ ಪುಸ್ತಕ ಓದುವ ಎಷ್ಟೋ ಹಿರಿಯರಿಗೆ ಓದಿನ ರುಚಿ ಹತ್ತಿಸಿದ್ದು ಆ ತೆಳು ಪುಸ್ತಕಗಳೇ. ವಿಮರ್ಶಕರು ಅವರಿಗೆ ಸಲ್ಲಬೇಕಾದಷ್ಟು ಜಾಗ ಕೊಡಲಿಲ್ಲ ಎಂಬ ಬೇಸರ ನನಗಿದೆ.

ಗಡಿಯಾರ ಮತ್ತು ಕತ್ತಲೆ

ಸಸ್ಪೆನ್ಸ್‌ಗೆ ಹೊತ್ತು ಅಳೆಯುವುದು ಗೊತ್ತಿರಬೇಕು. ತೇಜಸ್ವಿ ಅವರ ‘ಜುಗಾರಿ ಕ್ರಾಸ್’ (1994) ಸುಮಾರು 24 ಗಂಟೆಯಲ್ಲಿ ನಡೆದು ಮುಗಿಯುತ್ತದೆ. ಏಲಕ್ಕಿ ಮಾರಲು ಹೋದ ಗಂಡ ಹೆಂಡತಿ ಯಾವುದೋ ದೊಡ್ಡ ಜಾಲದಲ್ಲಿ ಸಿಕ್ಕಿಬೀಳುತ್ತಾರೆ. ಅವರಿಗೆ ಯೋಚಿಸಲು ಪುರುಸೊತ್ತಿಲ್ಲ, ಹಾಗಾಗಿ ನಮಗೂ ಇಲ್ಲ. ಕಾಡು, ಹಣ, ಬೆಲೆ ಏರಿಳಿತ, ಕಳ್ಳ ವ್ಯವಹಾರ, ಎಲ್ಲ ಓಟದ ನಡುವೆಯೇ ಬರುತ್ತದೆ. ಭಾಷಣಕ್ಕೆ ಎಲ್ಲೂ ನಿಲ್ಲುವುದಿಲ್ಲ. ಅಡಿಕೆ ವ್ಯಾಪಾರ ಹತ್ತಿರದಿಂದ ನೋಡಿರುವ ಚನ್ನಗಿರಿ ಕಡೆಯವರಿಗೆ ಇದರ ಹಣದ ಲೋಕ ಅಪರಿಚಿತ ಅನ್ನಿಸದು.

ಇದಕ್ಕೆ ವಿರುದ್ಧ ದಿಕ್ಕಿನದು ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕತೆ. ತೇಜಸ್ವಿಯೇ ಅದನ್ನು ಕನ್ನಡಕ್ಕೆ ತಂದಿದ್ದಾರೆ. 1918ರಿಂದ 1926ರವರೆಗೆ ಆ ಒಂದು ಚಿರತೆ ಸರ್ಕಾರದ ಲೆಕ್ಕದಲ್ಲೇ 125 ಜನರನ್ನು ಕೊಂದಿತ್ತು. ಇಲ್ಲಿ ಅಪರಾಧಿ ಗೊತ್ತು. ಅದು ಸತ್ತಿತು ಎಂದೂ ಗೊತ್ತು, ಕಾರ್ಬೆಟ್ ಬದುಕಿ ಬರೆದಿದ್ದಾನಲ್ಲ. ಆದರೂ ರಾತ್ರಿಯಲ್ಲಿ ಒಬ್ಬರೇ ಓದುವುದು ಕಷ್ಟ. ಪುಸ್ತಕದ ಮುಕ್ಕಾಲು ಭಾಗ ಕಾಯುವುದೇ. ಮರದ ಮೇಲೆ ಕೂತ ಮನುಷ್ಯ, ಕೆಳಗೆ ಕಟ್ಟಿದ ಮೇಕೆ, ಅದರ ಕೊರಳಲ್ಲಿ ಗಂಟೆ. ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ, ಕಿವಿಯೊಂದೇ ಆಸರೆ. ಗಂಟೆಯ ಸದ್ದು ನಿಂತರೂ ಭಯ, ಕೇಳಿಸಿದರೂ ಭಯ. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಪುಟದಲ್ಲೂ ಏನಾದರೂ ನಡೆಯಲೇಬೇಕು ಎಂದು ನಂಬಿರುವ ಬರಹಗಾರರು ಈ ಪುಸ್ತಕ ಒಮ್ಮೆ ಓದಬೇಕು.

ಮೆಕ್ಕೆಜೋಳದ ತೆನೆ

ಇನ್ನೊಂದು ಬಗೆಯ ಥ್ರಿಲ್ಲರ್ ಕನ್ನಡದಲ್ಲಿ ಈಗ ಚೆನ್ನಾಗಿ ಬೆಳೆದಿದೆ. ಚರಿತ್ರೆ ಮತ್ತು ವಿಜ್ಞಾನದ ನಿಜವಾದ ಪ್ರಶ್ನೆ ಹಿಡಿದು ಕತೆ ಕಟ್ಟುವುದು. ಡಾ. ಕೆ.ಎನ್. ಗಣೇಶಯ್ಯ ಇದರಲ್ಲಿ ದೊಡ್ಡ ಹೆಸರು. ಕೃಷಿ ವಿಜ್ಞಾನಿಯಾಗಿ ಕೆಲಸ ಮಾಡಿದವರು. ಕಾದಂಬರಿಯ ಜೊತೆಗೇ ಆಧಾರ, ಚಿತ್ರಗಳನ್ನೂ ಕೊಡುತ್ತಾರೆ. ಅವರ ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮೆಕ್ಕೆಜೋಳದಂಥ ತೆನೆಯ ಸುತ್ತ ಹೆಣೆದ ಕತೆ.

ದಾವಣಗೆರೆಯವರಿಗೆ ಈ ಪುಸ್ತಕ ಬೇರೆಯೇ ರೀತಿ ತಟ್ಟುತ್ತದೆ. ಸುಗ್ಗಿಯಲ್ಲಿ ಜಗಳೂರು, ಹರಿಹರ ರಸ್ತೆಗಳ ಬದಿಯಲ್ಲೆಲ್ಲ ಒಣಗಲು ಹರಡಿದ ಮೆಕ್ಕೆಜೋಳ, ಎಪಿಎಂಸಿ ಯಾರ್ಡಿನಲ್ಲಿ ಚೀಲಗಳ ಸಾಲು. ನಮ್ಮ ಜಿಲ್ಲೆಯ ಬದುಕೇ ಅದರ ಮೇಲೆ ನಿಂತಿದೆ. ಆದರೆ ಅದು ನಮ್ಮ ನೆಲದಲ್ಲಿ ಹುಟ್ಟಿದ ಬೆಳೆಯಲ್ಲ. ಸುಮಾರು 9,000 ವರ್ಷದ ಹಿಂದೆ ಮೆಕ್ಸಿಕೊದಲ್ಲಿ ಜನ ಅದನ್ನು ಪಳಗಿಸಿ ಬೆಳೆಯಲು ಶುರು ಮಾಡಿದರು. 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ನಂತರವೇ ಅದು ಉಳಿದ ಲೋಕಕ್ಕೆ ಹರಡಿತು ಎಂಬುದು ಒಪ್ಪಿತವಾದ ಚರಿತ್ರೆ. ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಅಲ್ಲಿ ಶಿಲ್ಪದ ಕೈಗೆ ಈ ತೆನೆ ಎಲ್ಲಿಂದ ಬಂತು?

ಇದು ಕಾದಂಬರಿಕಾರ ಸುಮ್ನೆ ಹುಟ್ಟಿಸಿದ ಪ್ರಶ್ನೆಯಲ್ಲ. 1989ರಲ್ಲಿ ಕಾರ್ಲ್ ಯೊಹಾನೆಸೆನ್ ಮತ್ತು ಆನ್ ಪಾರ್ಕರ್ ಎಂಬ ಸಂಶೋಧಕರು ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದು ಮೆಕ್ಕೆಜೋಳವೇ ಎಂದು ವಾದಿಸಿದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಚನ್ ಎಂಬ ಭಾರತೀಯ ವಿಜ್ಞಾನಿಗಳು ಉತ್ತರ ಕೊಟ್ಟರು. ಇದು ಮೆಕ್ಕೆಜೋಳ ಅಲ್ಲ, ಮುತ್ತುಗಳಿಂದ ಮಾಡಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಎಂದರು. ಹೆಚ್ಚಿನ ವಿದ್ವಾಂಸರು ಕೊಲಂಬಸ್‌ಗಿಂತ ಮುಂಚೆ ಭಾರತಕ್ಕೆ ಮೆಕ್ಕೆಜೋಳ ಬಂದಿತ್ತು ಎಂಬುದನ್ನು ಒಪ್ಪುವುದಿಲ್ಲ.

ಇಂಥ ಪುಸ್ತಕ ಓದುವಾಗ ಎರಡು ಕುತೂಹಲ ಒಟ್ಟಿಗೆ ಓಡುತ್ತವೆ. ಪಾತ್ರಗಳಿಗೆ ಏನಾಗುತ್ತದೆ ಎಂಬುದು ಒಂದು. ಇದರಲ್ಲಿ ನಿಜ ಎಷ್ಟು ಎಂಬುದು ಇನ್ನೊಂದು. ಮೊದಲನೆಯದು ಪುಸ್ತಕದ ಜೊತೆ ಮುಗಿಯುತ್ತದೆ. ಎರಡನೆಯದು ನಮ್ಮನ್ನು ಸೋಮನಾಥಪುರಕ್ಕೆ ಕರೆದೊಯ್ಯುತ್ತದೆ. ನನಗೆ ಕಾಣುವ ಕೊರತೆ ಒಂದಿದೆ. ಇಂಥ ಕಾದಂಬರಿಗಳಲ್ಲಿ ವಿಷಯ ಜಾಸ್ತಿಯಾದಾಗ ಪಾತ್ರಗಳು ಪಾಠ ಹೇಳುವವರಾಗಿಬಿಡುತ್ತವೆ. ಇಬ್ಬರು ಅಪಾಯದಲ್ಲಿ ಓಡುತ್ತಿರುವಾಗ ಒಬ್ಬರು ನಿಂತು ಎರಡು ಪುಟ ಇತಿಹಾಸ ಹೇಳಿದರೆ ನಮ್ಮ ಉಸಿರು ಸಡಿಲವಾಗುತ್ತದೆ. ಆದರೂ ಕಾದಂಬರಿ ಓದಿ ಎದ್ದ ಓದುಗ ಶಿಲ್ಪದ ಮುಂದೆ ನಿಂತು ತೆನೆಯ ಕಾಳಿನ ಸಾಲು ಎಣಿಸುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಓದಿದ ಮೇಲೆ ಎರಡೂ ಕಡೆಯ ವಾದ ನೋಡಿ, ನಂತರ ಒಪ್ಪಿ ಅಥವಾ ಬಿಡಿ.

‘ದುರ್ಗಾಸ್ತಮಾನ’ದ ದಪ್ಪ ನೋಡಿ ಹಿಂಜರಿಯುವವರಿಗೆ ಒಂದು ಸಲಹೆ. ತ.ರಾ.ಸು. ಅವರ ಇನ್ನೂ ಮೂರು ಕಾದಂಬರಿಗಳಿಂದ ಶುರು ಮಾಡಿ. ‘ಕಂಬನಿಯ ಕುಯಿಲು’, ಆಮೇಲೆ ‘ರಕ್ತರಾತ್ರಿ’, ಆಮೇಲೆ ‘ತಿರುಗುಬಾಣ’, ಇದೇ ಕ್ರಮದಲ್ಲಿ. ಮದಕರಿಗಿಂತ ಹಿಂದಿನ ಕಾಲದ ದುರ್ಗದ ಅರಮನೆ, ದಳವಾಯಿ ಮುದ್ದಣ್ಣನ ಒಳಸಂಚು, ಪಟ್ಟಕ್ಕಾಗಿ ಬೀಳುವ ಹೆಣಗಳು. ಇಲ್ಲೂ ಸಂಚು ಯಾರದ್ದು ಎಂದು ಓದುಗರಿಗೆ ಬೇಗ ತಿಳಿಸಿಬಿಡುತ್ತಾರೆ, ಅರಮನೆಯವರಿಗೆ ತಿಳಿಸುವುದಿಲ್ಲ. ಮೂರನ್ನೂ ಒಟ್ಟಿಗೇ ತಂದಿಟ್ಟುಕೊಳ್ಳಿ, ಮೊದಲನೆಯದು ಮುಗಿದ ರಾತ್ರಿಯೇ ಎರಡನೆಯದು ಬೇಕಾಗುತ್ತದೆ.